ಮನಸ್ಸಿನ ಪುಸ್ತಕಗಳಿಗೆ ಒಂದು ಪುಟ ಸೇರಿಸಿ: ಲೇಖಕರಿಗೂ ಪ್ರಕಾಶಕರಿಗೂ ಒಂದು ಬಹಿರಂಗ ಪತ್ರ

ಮನಸ್ಸಿನ ನೆಮ್ಮದಿ, ಚೇತರಿಸಿಕೊಳ್ಳುವ ಶಕ್ತಿ, ವ್ಯಕ್ತಿತ್ವ ವಿಕಸನ ಅಂತ ಪುಸ್ತಕ ಬರೆಯುವವರಿಗೆ, ಅನುವಾದ ಮಾಡುವವರಿಗೆ, ಅಚ್ಚು ಹಾಕಿಸುವವರಿಗೆ ನಮಸ್ಕಾರ.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ನಿಮ್ಮ ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸುವುದು, ಕೇಳಿದವರಿಗೆ ಹುಡುಕಿಕೊಡುವುದು ನನ್ನ ಕೆಲಸ. ನಿಮ್ಮನ್ನು ಒಂದೇ ಒಂದು ವಿಷಯ ಕೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ. ಇಂಥ ಪ್ರತಿಯೊಂದು ಪುಸ್ತಕದ ಶುರುವಿನಲ್ಲಿ, ಪರಿವಿಡಿಗೂ ಮುಂಚೆ, ಒಂದು ಪುಟ ಸೇರಿಸಿ. ಈ ಪುಸ್ತಕ ಯಾರಿಗೆ, ಯಾರಿಗಲ್ಲ. ಇದರಲ್ಲಿರುವುದನ್ನು ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ. ಯಾವಾಗ ಪುಸ್ತಕ ಮುಚ್ಚಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಇಷ್ಟನ್ನು ಆ ಪುಟ ಹೇಳಲಿ. ಇದನ್ನು ಯಾಕೆ ಕೇಳುತ್ತಿದ್ದೇನೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಈ ಪುಸ್ತಕಗಳನ್ನು ಹುಡುಕಿಕೊಂಡು ಬರುವವರನ್ನು ನೀವು ಹತ್ತಿರದಿಂದ ನೋಡಿರಲಿಕ್ಕಿಲ್ಲ. ಕಾದಂಬರಿ ಬೇಕಾದವರು ಹೆಸರು ಹೇಳಿ ಕೇಳುತ್ತಾರೆ. ಇವರು ಕಪಾಟಿನ ಮುಂದೆ ಸುಮ್ನೆ ತುಂಬಾ ಹೊತ್ತು ನಿಲ್ಲುತ್ತಾರೆ. ಪಕ್ಕಕ್ಕೆ ಯಾರಾದರೂ ಬಂದರೆ ಕೈಯಲ್ಲಿದ್ದದ್ದನ್ನು ವಾಪಸ್ ಇಟ್ಟುಬಿಡುತ್ತಾರೆ. ‘ನನಗಲ್ಲ, ಪರಿಚಯದವರಿಗೆ’ ಅನ್ನುತ್ತಾರೆ. ನಿದ್ದೆ ಬಾರದವರು, ಕೆಲಸ ಕಳೆದುಕೊಂಡವರು, ಹತ್ತಿರದವರನ್ನು ಕಳೆದುಕೊಂಡವರು, ಏನಾಗಿದೆ ಅಂತಲೇ ಗೊತ್ತಾಗದೆ ಒಳಗೊಳಗೇ ಕುಸಿಯುತ್ತಿರುವವರು. ಮನೆಯವರಿಗೆ ಹೇಳುವ ಮುಂಚೆ, ಡಾಕ್ಟರಿಗೆ ಹೇಳುವ ಮುಂಚೆ ಪುಸ್ತಕದ ಹತ್ತಿರ ಬರುತ್ತಾರೆ. ಎಷ್ಟೋ ಜನ ಸಹಾಯಕ್ಕಾಗಿ ಮೊದಲು ಬರುವುದು ನಿಮ್ಮ ಹತ್ತಿರವೇ. ಮುಖಪುಟದ ಮೇಲೆ ನೀವು ಹಾಕಿದ ಸಾಲು ಅವರಿಗೆ ಜಾಹೀರಾತು ಅನ್ನಿಸುವುದಿಲ್ಲ. ಯಾರೋ ತಮಗೆ ಕೊಟ್ಟ ಮಾತು ಅಂತ ನಂಬುತ್ತಾರೆ.

ಈ ಪುಸ್ತಕಗಳೆಲ್ಲ ಸುಳ್ಳು, ವ್ಯಾಪಾರ ಅಂತ ತಳ್ಳಿಹಾಕುವವರು ಇದ್ದಾರೆ. ನಾನು ಅವರ ಜೊತೆಗಿಲ್ಲ. ಪುಸ್ತಕದಿಂದ ನಿಜವಾಗಿ ಪ್ರಯೋಜನ ಆಗುತ್ತದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿಗಳಿವೆ. 1980ರಲ್ಲಿ ಡೇವಿಡ್ ಬರ್ನ್ಸ್ ಎಂಬ ಅಮೆರಿಕದ ಮನೋವೈದ್ಯರು ‘ಫೀಲಿಂಗ್ ಗುಡ್’ ಅಂತ ಒಂದು ಪುಸ್ತಕ ಬರೆದರು. ನಮ್ಮ ಯೋಚನೆಗಳು ಹೇಗೆ ವಾಲುತ್ತವೆ, ಅವನ್ನು ಬರೆದಿಟ್ಟು ಪರೀಕ್ಷಿಸುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕ. ಏರನ್ ಬೆಕ್ ಎಂಬ ಇನ್ನೊಬ್ಬ ಮನೋವೈದ್ಯರು 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯ ದಾರಿಯನ್ನೇ ಅದು ಸಾಮಾನ್ಯ ಓದುಗರಿಗೆ ತಲುಪಿಸಿತು. ಫಾರೆಸ್ಟ್ ಸ್ಕೋಗಿನ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು ಖಿನ್ನತೆ ಇರುವ ವಯಸ್ಸಾದವರಿಗೆ ಈ ಪುಸ್ತಕ ಕೊಟ್ಟು ನಾಲ್ಕು ವಾರ ಓದಲು ಹೇಳಿದರು. 1989ರಲ್ಲಿ ಫಲಿತಾಂಶ ಪ್ರಕಟವಾಯಿತು. ಓದದೆ ಕಾಯುತ್ತಿದ್ದವರಿಗಿಂತ ಓದಿದವರ ಖಿನ್ನತೆ ಸ್ಪಷ್ಟವಾಗಿ ಇಳಿದಿತ್ತು.

ಒಂದು ಸಣ್ಣ ವಿಷಯವನ್ನು ಇಲ್ಲಿ ಗಮನಿಸಬೇಕು. ಓದುತ್ತಿದ್ದವರಿಗೆ ವಾರಕ್ಕೊಮ್ಮೆ ಒಂದು ಚಿಕ್ಕ ಫೋನ್ ಕರೆ ಹೋಗುತ್ತಿತ್ತು. ‘ಎಲ್ಲಿವರೆಗೆ ಓದಿದ್ದೀರಿ, ಹೇಗಿದ್ದೀರಿ’ ಅನ್ನುವಷ್ಟು ಮಾತು. ಈ ಕರೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಬ್ರಿಟನ್ನಿನ ಭಾಗವಾದ ವೇಲ್ಸ್‌ನಲ್ಲಿ ನೀಲ್ ಫ್ರೂಡ್ ಎಂಬ ಮನಶ್ಶಾಸ್ತ್ರಜ್ಞರು ಶುರುಮಾಡಿದ ಒಂದು ಯೋಜನೆ 2005ರಲ್ಲಿ ಆ ನಾಡಿಡೀ ಹರಡಿತು. ಡಾಕ್ಟರು ಚೀಟಿಯಲ್ಲಿ ಪುಸ್ತಕದ ಹೆಸರು ಬರೆದುಕೊಡುತ್ತಿದ್ದರು, ಜನ ಗ್ರಂಥಾಲಯಕ್ಕೆ ಹೋಗಿ ಅದನ್ನು ತೆಗೆದುಕೊಳ್ಳುತ್ತಿದ್ದರು. 2013ರಲ್ಲಿ ಇಂಗ್ಲೆಂಡಿನಲ್ಲೂ ಅಂಥದ್ದೇ ವ್ಯವಸ್ಥೆ ಬಂತು. ಗ್ರಂಥಾಲಯದವಳಾಗಿ ನನಗೆ ಇದು ತುಂಬಾ ಖುಷಿ ಕೊಡುವ ಸಂಗತಿ. ಆದರೆ ಅಲ್ಲಿ ಒಂದು ಶಿಸ್ತು ಇದೆ. ಯಾವ ಪುಸ್ತಕ ಪಟ್ಟಿಗೆ ಸೇರಬೇಕು ಅಂತ ತಿಳಿದವರು ಕೂತು ಆರಿಸುತ್ತಾರೆ. ನನ್ನ ಕಪಾಟಿನ ಮುಂದೆ ನಿಂತಿರುವವರಿಗೆ ಆರಿಸಿಕೊಡುವವರು ಯಾರೂ ಇಲ್ಲ. ಪರೀಕ್ಷೆಗೆ ಒಳಗಾದ ಪುಸ್ತಕ, ಯಾರೋ ರಾತ್ರೋರಾತ್ರಿ ಬರೆದ ಪುಸ್ತಕ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ಎರಡರ ಬೆನ್ನ ಮೇಲೂ ಒಂದೇ ಥರದ ಮಾತು.

‘ನಮ್ಮ ಪುಸ್ತಕ ವೈಜ್ಞಾನಿಕ ವಿಧಾನದ ಮೇಲೆ ನಿಂತಿದೆ’ ಅಂತ ನಿಮ್ಮಲ್ಲಿ ಹಲವರು ಹೇಳುತ್ತೀರಿ. ಅಷ್ಟೇ ಸಾಲದು ಅನ್ನುವುದನ್ನು ತೋರಿಸಿಕೊಟ್ಟವರು ಜೆರಾಲ್ಡ್ ರೋಸನ್. ಅವರೂ ಮನಶ್ಶಾಸ್ತ್ರಜ್ಞರು, ಸ್ವತಃ ಇಂಥ ಪುಸ್ತಕ ಬರೆದವರು. 1970ರ ದಶಕದಲ್ಲಿ ಅವರು ಮತ್ತು ಅವರ ಸಂಗಡಿಗರು ಹಾವಿನ ಭಯ ಇರುವವರಿಗಾಗಿ ಮನೆಯಲ್ಲೇ ಕೂತು ಮಾಡಬಹುದಾದ ಒಂದು ಕೈಪಿಡಿ ತಯಾರಿಸಿದರು. ಒಳಗಿದ್ದ ವಿಧಾನ ಚಿಕಿತ್ಸಕರು ಬಳಸುತ್ತಿದ್ದದ್ದೇ. ಜನರಿಗೆ ಕೊಟ್ಟು ನೋಡಿದರು. ಸುಮಾರು ಅರ್ಧದಷ್ಟು ಜನ ಮಾತ್ರ ಪೂರ್ತಿ ಮಾಡಿದರು. ಪೂರ್ತಿ ಮಾಡಿದವರ ಭಯ ಚೆನ್ನಾಗಿಯೇ ಕಡಿಮೆಯಾಯಿತು.

ಹಾಗಾದರೆ ಉಳಿದ ಅರ್ಧವನ್ನೂ ಕೊನೆಮುಟ್ಟಿಸಬೇಕು ಅಂತ ಅವರು ಕೈಪಿಡಿಗೆ ಒಂದು ಭಾಗ ಸೇರಿಸಿದರು. ಒಂದೊಂದು ಹೆಜ್ಜೆ ಮುಗಿಸಿದಾಗ ನಿಮಗೆ ನೀವೇ ಒಂದು ಬಹುಮಾನ ಕೊಟ್ಟುಕೊಳ್ಳಿ, ಅದಕ್ಕೊಂದು ಒಪ್ಪಂದ ಬರೆದುಕೊಳ್ಳಿ ಅಂತ. ಕೇಳಿದರೆ ಯಾರಿಗಾದರೂ ಒಳ್ಳೆಯ ಸಲಹೆ ಅನ್ನಿಸುತ್ತದೆ, ಅಲ್ವಾ? ಮನಶ್ಶಾಸ್ತ್ರದ ಪ್ರಕಾರವೂ ಅದು ಸರಿಯಾಗಿಯೇ ಇತ್ತು. ಮತ್ತೆ ಪರೀಕ್ಷೆ ಮಾಡಿದರು. ಹಳೆಯ ಕೈಪಿಡಿ ಮೊದಲಿನಂತೆಯೇ ಅರ್ಧ ಜನರಿಗೆ ಕೆಲಸ ಮಾಡಿತು. ಹೊಸ ಭಾಗ ಸೇರಿದ ಕೈಪಿಡಿಯನ್ನು ಒಬ್ಬರೂ ಪೂರ್ತಿ ಮಾಡಲಿಲ್ಲ. ಒಬ್ಬರೂ ಇಲ್ಲ!

ಈ ಪ್ರಸಂಗ ಓದಿದ ಮೇಲೆ ನಾನು ನಿಮ್ಮ ಪುಸ್ತಕಗಳನ್ನು ನೋಡುವ ರೀತಿಯೇ ಬದಲಾಯಿತು. ಚಿಕಿತ್ಸಕರ ಕೋಣೆಯಲ್ಲಿ ಫಲ ಕೊಟ್ಟ ವಿಧಾನ ಪುಸ್ತಕದಲ್ಲಿ ಬಂದಾಗ ಬೇರೆಯೇ ವಸ್ತು ಆಗುತ್ತದೆ. ಅದಕ್ಕೆ ನೀವು ಒಳ್ಳೆಯ ಮನಸ್ಸಿನಿಂದ ಸೇರಿಸಿದ ಒಂದು ಅಧ್ಯಾಯ ಇಡೀ ಪುಸ್ತಕದ ಫಲವನ್ನೇ ಕೆಡಿಸಬಹುದು. ಪರೀಕ್ಷೆ ಮಾಡದೆ ಅದು ಲೇಖಕರಿಗೂ ಗೊತ್ತಾಗುವುದಿಲ್ಲ, ಪ್ರಕಾಶಕರಿಗೂ ಗೊತ್ತಾಗುವುದಿಲ್ಲ. ರೋಸನ್ ಆ ಫಲಿತಾಂಶವನ್ನು ಮುಚ್ಚಿಡಲಿಲ್ಲ. ಎಲ್ಲರ ಮುಂದೆ ಇಟ್ಟರು. ಮುಂದೆ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಸ್ವಸಹಾಯ ಪುಸ್ತಕಗಳ ವಿಷಯಕ್ಕೇ ಒಂದು ತಂಡ ಕಟ್ಟಿದಾಗ ಅದರ ಮುಖ್ಯಸ್ಥರೂ ಆದರು. ಇಷ್ಟು ಹಳೆಯ ಪಾಠ ನಮ್ಮ ಪುಸ್ತಕಗಳ ಮೊದಲ ಪುಟದವರೆಗೆ ಇನ್ನೂ ಬಂದಿಲ್ಲ ಅನ್ನುವುದು ನನಗೆ ನೋವಿನ ಸಂಗತಿ.

ಪೂರ್ತಿ ಮಾಡದೆ ಬಿಟ್ಟವರಿಗೆ ಏನಾಗುತ್ತದೆ ಅಂತ ಯೋಚಿಸಿದ್ದೀರಾ? ಪುಸ್ತಕ ಹಿಂತಿರುಗಿಸಲು ಬಂದಾಗ ‘ಚೆನ್ನಾಗಿತ್ತು, ಆದರೆ ನನ್ನ ಕೈಲಿ ಆಗಲಿಲ್ಲ’ ಅನ್ನುತ್ತಾರೆ. ಪುಸ್ತಕದಲ್ಲಿ ಏನೋ ಕೊರತೆ ಇತ್ತು ಅಂತ ಹೇಳಿದವರನ್ನು ನಾನು ಕಂಡದ್ದು ತೀರಾ ಅಪರೂಪ. ಮೊದಲೇ ತಾನು ಯಾವುದಕ್ಕೂ ಲಾಯಕ್ಕಿಲ್ಲ ಅಂದುಕೊಂಡು ಬಂದವರು ಅದಕ್ಕೆ ಇನ್ನೊಂದು ಸಾಕ್ಷಿ ಹಿಡಿದುಕೊಂಡು ಹೋಗುತ್ತಾರೆ. ‘ಮನಸ್ಸಿಟ್ಟು ಮಾಡಿದರೆ ಯಾರಿಗಾದರೂ ಸಾಧ್ಯ’ ಅಂತ ನೀವು ಬರೆದ ಸಾಲು ಅವರಿಗೆ ‘ನೀನು ಮನಸ್ಸಿಟ್ಟು ಮಾಡಲಿಲ್ಲ’ ಅಂತ ಕೇಳಿಸುತ್ತದೆ.

ಪ್ರತಿದಿನ ಕನ್ನಡಿ ಮುಂದೆ ನಿಂತು ಒಳ್ಳೆಯ ಮಾತು ಹೇಳಿಕೊಳ್ಳಿ ಅಂತ ಎಷ್ಟು ಪುಸ್ತಕಗಳಲ್ಲಿಲ್ಲ! ಜೋಆನ್ ವುಡ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಯವರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದರು. ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಅನ್ನುವ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳುವಂತೆ ಕೇಳಿದರು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಹಿತ ಅನ್ನಿಸಿತು. ತಮ್ಮ ಬಗ್ಗೆ ಕೀಳಾಗಿ ಅಂದುಕೊಂಡವರಿಗೆ, ಅದನ್ನು ಹೇಳಿಕೊಳ್ಳದೆ ಇದ್ದವರಿಗಿಂತ ಜಾಸ್ತಿ ಬೇಸರವಾಯಿತು. ಬಾಯಿ ಒಂದು ಹೇಳುತ್ತಿದ್ದರೆ ಮನಸ್ಸು ‘ಇದು ನಿಜವಲ್ಲ’ ಅಂತ ಎದುರು ಮಾತಾಡುತ್ತಿರುತ್ತದೆ. ಹಾಗಾಗಿ ಈ ಸಲಹೆ ಯಾರಿಗೆ ಬೇಡವೋ ಅವರಿಗೆ ಒಳ್ಳೆಯದು ಮಾಡುತ್ತದೆ, ಯಾರಿಗೆ ತೀರಾ ಬೇಕೋ ಅವರನ್ನು ನೋಯಿಸುತ್ತದೆ. ಒಂದು ಪುಟ್ಟ ಮಾತ್ರೆಯ ಜೊತೆಗೂ ಯಾರು ತೆಗೆದುಕೊಳ್ಳಬಾರದು ಅಂತ ಬರೆದ ಚೀಟಿ ಇರುತ್ತದೆ. ಈ ಸಲಹೆಯ ಜೊತೆ ಅಂಥದ್ದೊಂದು ಸಾಲು ನಾನು ನೋಡಿಲ್ಲ.

21 ದಿನದ ಮಾತೂ ಅಂಥದ್ದೇ. 21 ದಿನ ಬಿಡದೆ ಮಾಡಿದರೆ ಯಾವುದೇ ಅಭ್ಯಾಸ ಮೈಗೂಡುತ್ತದೆ ಅಂತ ಬರೆಯುತ್ತೀರಿ. ಇದರ ಮೂಲ 1960ರಲ್ಲಿ ಬಂದ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅವರ ಪುಸ್ತಕ. ಅವರು ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅನ್ನುವುದು ಅವರು ಕಂಡುಕೊಂಡದ್ದು. ‘ಕಡಿಮೆ ಅಂದರೂ’ ಅನ್ನುವುದು ದಾರಿಯಲ್ಲೇ ಬಿದ್ದುಹೋಯಿತು, ಮುಖದ ಮಾತೂ ಬಿದ್ದುಹೋಯಿತು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಿಜವಾಗಿಯೂ ಅಳೆದು ನೋಡಿದಾಗ ಒಂದು ಅಭ್ಯಾಸ ತಾನಾಗಿ ಆಗುವ ಹಂತಕ್ಕೆ ಬರಲು ಸರಾಸರಿ 66 ದಿನ ಅಂತ ಕಂಡಿತು. ಅದೂ ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದರೂ ದೊಡ್ಡ ನಷ್ಟ ಇಲ್ಲ ಅನ್ನುವುದೂ ಅದರಲ್ಲೇ ತಿಳಿಯಿತು. ಸೋತು ಕೂತವರಿಗೆ ಈ ಕೊನೆಯ ಮಾತು ಎಷ್ಟು ದೊಡ್ಡ ಸಮಾಧಾನ! ಅದನ್ನು ಬಿಟ್ಟು 21ನ್ನೇ ಯಾಕೆ ಅಚ್ಚು ಹಾಕುತ್ತೀರಿ?

ಮರುಮುದ್ರಣದ ವಿಷಯದಲ್ಲೂ ಇದೇ ಕಷ್ಟ. ಮುಖಪುಟ ಹೊಸದಾಗುತ್ತದೆ, ಒಳಗಿನದು ಹಾಗೇ ಇರುತ್ತದೆ. ಮನೋಬಲ ಅನ್ನುವುದು ಬಳಸಿದಷ್ಟೂ ಖಾಲಿಯಾಗುತ್ತದೆ ಅಂತ 1998ರಲ್ಲಿ ಒಂದು ಹೆಸರಾದ ಪ್ರಯೋಗ ಬಂತು. ಎಷ್ಟೋ ಪುಸ್ತಕಗಳು ಅದರ ಮೇಲೇ ಅಧ್ಯಾಯ ಕಟ್ಟಿದವು. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅದನ್ನು ಮತ್ತೆ ಮಾಡಿ ನೋಡಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಕೈ ಅಗಲಿಸಿ ಎದೆ ಎತ್ತಿ ನಿಂತರೆ ಧೈರ್ಯ ಬರುತ್ತದೆ ಅಂತ 2010ರಲ್ಲಿ ಬಂದ ಅಧ್ಯಯನದ ಕಥೆಯೂ ಇದೇ. ಅದನ್ನು ಬರೆದವರಲ್ಲಿ ಒಬ್ಬರಾದ ಡೇನಾ ಕಾರ್ನಿ, ಆ ಪರಿಣಾಮ ನಿಜ ಅಂತ ತಮಗೀಗ ನಂಬಿಕೆ ಇಲ್ಲ ಅಂತ 2016ರಲ್ಲಿ ಬಹಿರಂಗವಾಗಿ ಬರೆದರು. ತಮ್ಮದೇ ಸಂಶೋಧನೆಯ ಬಗ್ಗೆ ಹಾಗೆ ಹೇಳಲು ಎಂಥ ಪ್ರಾಮಾಣಿಕತೆ ಬೇಕು! ಹೊಸ ಮುದ್ರಣದಲ್ಲಿ ಎರಡು ಸಾಲಿನ ಟಿಪ್ಪಣಿ ಹಾಕಲು ಅದರ ಅರ್ಧ ಇದ್ದರೂ ಸಾಕು. ಅನುವಾದಕರಿಗೂ ನನ್ನ ಕೋರಿಕೆ ಇದೆ. ಮೂಲ ಪುಸ್ತಕ ಯಾವ ವರ್ಷದ್ದು ಅಂತ ದಯವಿಟ್ಟು ಓದುಗರಿಗೆ ಕಾಣುವ ಹಾಗೆ ಬರೆಯಿರಿ.

ಇನ್ನು ಚೇತರಿಸಿಕೊಳ್ಳುವ ಶಕ್ತಿಯ ಮಾತು. ನನ್ನ ಹೆಚ್ಚಿನ ತಕರಾರು ಇರುವುದು ಇಲ್ಲೇ. ಈ ವಿಷಯದ ಪುಸ್ತಕಗಳು ಬಹುಪಾಲು ಒಂಟಿ ಮನುಷ್ಯನ ಜೊತೆ ಮಾತಾಡುತ್ತವೆ. ನೀನೇ ಎದ್ದೇಳಬೇಕು, ಶಕ್ತಿ ನಿನ್ನೊಳಗೇ ಇದೆ, ಬೇರೆಯವರನ್ನು ನೆಚ್ಚಬೇಡ ಅನ್ನುತ್ತವೆ. ಆದರೆ ಈ ಶಕ್ತಿಯ ಬಗ್ಗೆ ಅತ್ಯಂತ ತಾಳ್ಮೆಯಿಂದ ನಡೆದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ.

ಹವಾಯಿ ದ್ವೀಪಗಳಲ್ಲಿ ಕವಾಯಿ ಅಂತ ಒಂದು ದ್ವೀಪ ಇದೆ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಅವರ ತಂಡ ನಡುವಯಸ್ಸಿನವರೆಗೆ ಗಮನಿಸುತ್ತಾ ಬಂದರು. ಅವರಲ್ಲಿ ಕೆಲವರ ಬಾಲ್ಯ ತೀರಾ ಕಷ್ಟದ್ದು. ಬಡತನ, ಹೆರಿಗೆಯ ಸಮಯದ ತೊಂದರೆ, ಮನೆಯಲ್ಲಿ ಜಗಳ, ತಂದೆ ತಾಯಿಯ ಕುಡಿತ ಅಥವಾ ಮಾನಸಿಕ ಕಾಯಿಲೆ, ಇವುಗಳಲ್ಲಿ ಹಲವು ಒಟ್ಟಿಗೇ ಬಂದಿದ್ದವು. ಆದರೂ ಅಂಥ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸಮರ್ಥರಾಗಿ, ಅಕ್ಕರೆಯುಳ್ಳವರಾಗಿ ಬೆಳೆದರು. ಅವರನ್ನು ಕಾಪಾಡಿದ್ದು ಏನು? ಮಗುವಿನ ಸ್ವಭಾವದ ಪಾಲೂ ಇತ್ತು. ಅದರ ಜೊತೆಗೆ ಮತ್ತೆ ಮತ್ತೆ ಕಂಡುಬಂದದ್ದು, ಆ ಮಗುವನ್ನು ಬಿಡದೆ ಅಕ್ಕರೆಯಿಂದ ನೋಡಿಕೊಂಡ ಒಬ್ಬ ವ್ಯಕ್ತಿ. ತಂದೆ ತಾಯಿಯೇ ಆಗಬೇಕಿರಲಿಲ್ಲ. ಅಜ್ಜಿ ಆಗಿರಬಹುದು, ಅಣ್ಣ ಅಕ್ಕ ಆಗಿರಬಹುದು, ಒಬ್ಬರು ಟೀಚರ್ ಆಗಿರಬಹುದು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಎಷ್ಟೋ ಜನ ದೊಡ್ಡವರಾದ ಮೇಲೆ ಒಳ್ಳೆಯ ಸಂಗಾತಿಯಿಂದ, ಮತ್ತೆ ಓದಲು ಸಿಕ್ಕ ಅವಕಾಶದಿಂದ ನೆಟ್ಟಗಾದರು.

ಇದೇ ವಿಷಯದಲ್ಲಿ ದಶಕಗಳಿಂದ ಕೆಲಸ ಮಾಡಿದ ಆನ್ ಮಾಸ್ಟೆನ್ ಅವರೂ ಇದು ಅಪರೂಪದ ಧೀರರ ಗುಣವಲ್ಲ, ಮನೆ, ಶಾಲೆ, ಸ್ನೇಹದಂಥ ಸಾಮಾನ್ಯ ಸಂಗತಿಗಳು ಸರಿಯಾಗಿದ್ದರೆ ಬರುವಂಥದ್ದು ಅಂತ 2001ರಲ್ಲಿ ಬರೆದರು. ಹಾಗಿದ್ದರೆ ನಿಮ್ಮ ಪುಸ್ತಕ ಓದುಗರಿಗೆ ಹೇಳಬೇಕಾದ ಮೊದಲ ಮಾತು ‘ನಿನ್ನೊಳಗೆ ಹುಡುಕು’ ಅನ್ನುವುದಾ? ‘ಯಾರ ಜೊತೆ ಮಾತಾಡಬಹುದು ಅಂತ ಯೋಚಿಸು, ಇವತ್ತೇ ಅವರಿಗೊಂದು ಫೋನ್ ಮಾಡು’ ಅನ್ನುವುದು ಅದಕ್ಕಿಂತ ಸರಿ ಅಲ್ವಾ?

ಕೆಲವು ಸಲ ತೊಂದರೆ ಮನಸ್ಸಿನಲ್ಲಿ ಇರುವುದೇ ಇಲ್ಲ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ಕೃತಜ್ಞತೆಯ ಡೈರಿ ಬರೆಯಲು ಹೇಳುವುದು ಸಲಹೆಯಲ್ಲ, ಅನ್ಯಾಯ. ಹಗಲು ರಾತ್ರಿ ದುಡಿಸಿಕೊಳ್ಳುವ ಕೆಲಸದಲ್ಲಿ ಸುಸ್ತಾದವರಿಗೆ ಉಸಿರಾಟದ ವ್ಯಾಯಾಮ ಒಂದು ಗಳಿಗೆಯ ಬಿಡುವು ಕೊಟ್ಟೀತು, ಅಷ್ಟೆ. ಕಷ್ಟ ಸಹಿಸಿಕೊಳ್ಳುವ ಮಾತು ಬಂದಾಗಲೆಲ್ಲ ನೀವು ವಿಕ್ಟರ್ ಫ್ರಾಂಕ್ಲ್ ಅವರ ಹೆಸರು ತರುತ್ತೀರಿ. ನಾಜಿಗಳ ಸೆರೆ ಶಿಬಿರಗಳಲ್ಲಿ ಬದುಕುಳಿದ ಆ ವಿಯೆನ್ನಾದ ಮನೋವೈದ್ಯರು 1946ರಲ್ಲಿ ತಮ್ಮ ಅನುಭವ ಬರೆದರು. ನೋವಿನಲ್ಲೂ ಅರ್ಥ ಕಾಣಬಹುದು ಅಂದದ್ದು ನಿಜ. ಆದರೆ ತಪ್ಪಿಸಬಹುದಾದ ನೋವಾದರೆ ಅದರ ಕಾರಣವನ್ನು ತೆಗೆದುಹಾಕುವುದೇ ಅರ್ಥವುಳ್ಳ ಕೆಲಸ, ಬೇಡದ ನೋವನ್ನು ಸುಮ್ನೆ ಅನುಭವಿಸುವುದು ವೀರತನವಲ್ಲ ಅಂತಲೂ ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಮೊದಲ ಮಾತು ಎಲ್ಲ ಕಡೆ ಸಿಗುತ್ತದೆ. ಎರಡನೆಯದನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ.

ಈಗ ಆ ಪುಟದ ವಿಷಯ. ಅದರಲ್ಲಿ ಏನಿರಬೇಕು ಅಂತ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ಬರೆದವರು ಯಾರು, ಅವರ ತಿಳಿವಳಿಕೆ ಎಲ್ಲಿಂದ ಬಂದದ್ದು. ಮನೋವೈದ್ಯರೇ ಆಗಬೇಕಿಲ್ಲ. ತಾವು ಅನುಭವಿಸಿದ್ದನ್ನು ಬರೆದಿದ್ದರೆ ‘ಇದು ಒಬ್ಬರ ಬದುಕಿನ ಕಥೆ, ಎಲ್ಲರಿಗೂ ಹೀಗೇ ಆಗುತ್ತದೆ ಅಂತಿಲ್ಲ’ ಅಂದರೆ ಸಾಕು. ಅಂಥ ಪುಸ್ತಕಗಳಿಗೂ ದೊಡ್ಡ ಬೆಲೆ ಇದೆ. ‘ನನ್ನೊಬ್ಬನಿಗೇ ಹೀಗಾಗಿಲ್ಲ’ ಅಂತ ಗೊತ್ತಾಗುವುದು ಎಷ್ಟೋ ಜನರನ್ನು ಉಳಿಸಿದೆ. ಆಮೇಲೆ ಪರೀಕ್ಷೆಯ ಮಾತು. ಈ ಪುಸ್ತಕವನ್ನೇ ಓದುಗರಿಗೆ ಕೊಟ್ಟು ಪರೀಕ್ಷಿಸಿದ್ದಾರಾ, ಅಥವಾ ಇದರ ಹಿಂದಿನ ವಿಧಾನವನ್ನು ಮಾತ್ರವಾ, ಅಥವಾ ಎರಡೂ ಇಲ್ಲವಾ? ಇಲ್ಲ ಅಂತ ಬರೆಯುವುದು ಅವಮಾನವೇನಲ್ಲ.

ಎಲ್ಲಕ್ಕಿಂತ ಮುಖ್ಯ, ಯಾವಾಗ ನಿಲ್ಲಿಸಬೇಕು ಅನ್ನುವುದು. ಎರಡು ವಾರ ಕಳೆದರೂ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ದಿನದ ಕೆಲಸ ಮಾಡಲು ಆಗದಿದ್ದರೆ, ಪುಸ್ತಕದ ಮುಂದಿನ ಅಧ್ಯಾಯಕ್ಕೆ ಕಾಯದೆ ಡಾಕ್ಟರನ್ನು ನೋಡಿ ಅಂತ ಬರೆಯಿರಿ. ಸಾಯುವ ಯೋಚನೆ ಬರುತ್ತಿದ್ದರೆ ಒಂದು ದಿನವೂ ಕಾಯದೆ ಈಗಲೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ, ಸಹಾಯವಾಣಿಗೆ ಕರೆ ಮಾಡಿ ಅಂತ ಬರೆಯಿರಿ. ಆತ್ಮಹತ್ಯೆಯಿಂದ ಜಗತ್ತಿನಲ್ಲಿ ಪ್ರತಿ ವರ್ಷ 7 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಎಷ್ಟೋ ಜನರ ಕೈಯಲ್ಲಿ ಇಂಥ ಒಂದು ಪುಸ್ತಕ ಇದ್ದಿರಬಹುದು. ಆ ಸಾಲು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇದ್ದರೆ ಪ್ರಯೋಜನವಿಲ್ಲ. ಕುಸಿದಿರುವವರು ಕೊನೆಯ ಪುಟದವರೆಗೆ ಬರುವುದೇ ಇಲ್ಲ.

ಕೊನೆಗೆ, ಆ ಫೋನ್ ಕರೆ. ಯಾರಾದರೂ ಒಬ್ಬರು ಆಗಾಗ ವಿಚಾರಿಸುತ್ತಾ ಇದ್ದರೆ ಪುಸ್ತಕದ ಫಲ ಹೆಚ್ಚುತ್ತದೆ ಅನ್ನುವುದು ಈಗ ಚೆನ್ನಾಗಿ ಗೊತ್ತಿರುವ ಸಂಗತಿ. ಬ್ರಿಟನ್ನಿನ 2022ರ ಚಿಕಿತ್ಸಾ ಮಾರ್ಗಸೂಚಿ ಅಷ್ಟೊಂದು ತೀವ್ರವಲ್ಲದ ಖಿನ್ನತೆಗೆ ಮೊದಲು ಯೋಚಿಸಬೇಕಾದ ದಾರಿಗಳಲ್ಲಿ, ಒಬ್ಬರ ಬೆಂಬಲದ ಜೊತೆ ನಡೆಯುವ ಸ್ವಸಹಾಯವನ್ನು ಸೇರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒತ್ತಡದ ಸಮಯಕ್ಕಾಗಿ ಚಿತ್ರಗಳಿರುವ ಒಂದು ಪುಟ್ಟ ಕೈಪಿಡಿಯನ್ನು ಉಚಿತವಾಗಿ ಹೊರತಂದಿತು. ಅದು ಸೇರಿದ ಕಾರ್ಯಕ್ರಮವನ್ನು ಯುಗಾಂಡದಲ್ಲಿದ್ದ ದಕ್ಷಿಣ ಸುಡಾನಿನ ನಿರಾಶ್ರಿತ ಹೆಂಗಸರ ನಡುವೆ ಪರೀಕ್ಷಿಸಿ, ಅವರ ಸಂಕಟ ಕಡಿಮೆಯಾದದ್ದನ್ನು ಕಂಡಿದ್ದರು. ಅಲ್ಲಿ ಆ ಹೆಂಗಸರು ಗುಂಪಾಗಿ ಕೂತು ಧ್ವನಿಮುದ್ರಿತ ಪಾಠ ಕೇಳಿದರು, ಜೊತೆಗೆ ತರಬೇತಿ ಪಡೆದವರು ಇದ್ದರು. ಸುಲಭವಾದ ಭಾಷೆ, ಕಡಿಮೆ ಪುಟ, ದೊಡ್ಡ ದೊಡ್ಡ ಭರವಸೆ ಇಲ್ಲ. ಅಂಥ ಪುಸ್ತಕ ನೀವೂ ಮಾಡಬಹುದು. ‘ಇದನ್ನು ಒಬ್ಬರೇ ಓದಬೇಡಿ, ವಾರಕ್ಕೊಮ್ಮೆ ವಿಚಾರಿಸಲು ನಂಬಿಕೆಯ ಒಬ್ಬರಿಗೆ ಹೇಳಿಡಿ’ ಅನ್ನುವ ಸಾಲಾದರೂ ಆ ಪುಟದಲ್ಲಿ ಇರಲಿ.

ಇದರಿಂದ ಮಾರಾಟ ಕಡಿಮೆಯಾಗುತ್ತದೆ ಅನ್ನುವ ಅಳುಕು ನಿಮಗಿದ್ದರೆ ನನಗೆ ಅರ್ಥವಾಗುತ್ತದೆ. ಆದರೆ ಮೋಸಹೋದೆ ಅನ್ನಿಸಿದ ಓದುಗರು ಆ ಕಪಾಟಿನ ಕಡೆಗೇ ಮತ್ತೆ ಬರುವುದಿಲ್ಲ. ತನ್ನ ಮಿತಿ ಹೇಳಿಕೊಂಡ ಪುಸ್ತಕವನ್ನು ಧೈರ್ಯವಾಗಿ ಇನ್ನೊಬ್ಬರ ಕೈಗೆ ಕೊಡುತ್ತಾರೆ. ನಾನೂ ಕೊಡುತ್ತೇನೆ.

ಮುಂದಿನ ಮುದ್ರಣದಿಂದಲೇ ಶುರುಮಾಡಿ. ಆ ಪುಟದ ಕರಡು ಸಿದ್ಧವಾದಾಗ ಅಚ್ಚಿಗೆ ಹೋಗುವ ಮುಂಚೆ ಒಬ್ಬ ಮನೋವೈದ್ಯರಿಗೆ ತೋರಿಸಿ. ಹಾಗೇ ಈ ಪುಸ್ತಕಗಳನ್ನು ನಿಜವಾಗಿ ಓದುವ ಕೆಲವರಿಗೂ, ಅವರ ಕೈಗೆ ಪುಸ್ತಕ ಕೊಡುವ ಗ್ರಂಥಾಲಯದವರಿಗೂ ತೋರಿಸಿ. ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ನೋವಾಯಿತು ಅಂತ ನಾವು ಹೇಳುತ್ತೇವೆ.

ಇಂತಿ,
ನಿಮ್ಮ ಪುಸ್ತಕಗಳನ್ನು ಜನರ ಕೈಗೆ ಕೊಡುವ ಒಬ್ಬಳು